ಧರ್ಮದ ಕಾಲಮ್ಮಿನಲ್ಲಿ ನಾನು ಹೊಡೆದ ಗೆರೆ

ಮೂವತ್ತೊಂದು ವರ್ಷ ನಾನು ಇಂಗ್ಲೆಂಡಿನ ಇತಿಹಾಸ ಪಾಠ ಮಾಡಿದೆ. ಇಂಗ್ಲೆಂಡನ್ನು ಮಾತ್ರ ನೋಡಲಿಲ್ಲ. ವಿಮಾನವನ್ನೇ ಹತ್ತಿದವಳಲ್ಲ. ಮೈಸೂರಿನಿಂದ ತಿ. ನರಸೀಪುರಕ್ಕೆ ಬಸ್ಸು, ಹನ್ನೆರಡು ವರ್ಷದ ಮೇಲೆ ವರ್ಗವಾದಾಗ ನಂಜನಗೂಡಿಗೆ ರೈಲು, ಇಷ್ಟೇ ನನ್ನ ದೇಶಾಟನೆ. ಎಂಟನೆಯ ಹೆನ್ರಿ ಪೋಪನೊಡನೆ ಜಗಳವಾಡಿದಲ್ಲಿಂದ ಮೊದಲನೆಯ ಚಾರ್ಲ್ಸನ ತಲೆ ಕಡಿದಲ್ಲಿಯವರೆಗೆ, ಅರಸರು, ಧರ್ಮ, ಜನಜೀವನ, ಇದು ನಾನು ಬಿ.ಎ.ಗೆ ಪಾಠ ಮಾಡುತ್ತಿದ್ದ ಪತ್ರಿಕೆ. ನಾನು ನಿವೃತ್ತಳಾಗುವ ಎರಡು ವರ್ಷ ಮೊದಲೇ ಅದನ್ನು ಪಠ್ಯದಿಂದ ತೆಗೆದರು.

ಹೋದ ತಿಂಗಳು ಇತಿಹಾಸ ವಿಭಾಗಕ್ಕೆ ಪಾಠ ಹೇಳಲು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. "ಮೇಡಂ, ಈ ಕೆಲಸ ನಿಜವಾಗ್ಲೂ ಹೇಗಿರುತ್ತೆ?" ಎಂದು ಕೇಳಿದಳು. "ಚೆನ್ನಾಗಿರುತ್ತಮ್ಮ" ಎಂದೆ. ಕಾಫಿ ಕುಡಿದು ಹೋದಳು. ಲೋಟ ತೊಳೆಯುತ್ತಾ, ಸುಳ್ಳು ಹೇಳಿ ಕಳಿಸಿದೆನಲ್ಲ ಅನ್ನಿಸಿತು. ಅವಳಂಥವರಿಗೆ ಇದನ್ನು ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಎಂಬುದು ಇದರಲ್ಲಿ ಇಲ್ಲ. ಅದು ಸೇವಾ ಪುಸ್ತಕದಲ್ಲಿದೆ, ಬೇಕಾದವರು ನೋಡಿಕೊಳ್ಳಲಿ.

ತಿ. ನರಸೀಪುರಕ್ಕೆ ಹೋದ ಮೊದಲ ವರ್ಷವೇ ನಾನು ಒಂದು ಪದದಿಂದ ಏಟು ತಿಂದೆ. ಆಗ ಪಾಠವೆಂದರೆ ನೋಟ್ಸ್ ಬರೆಸುವುದು. ನಾನು ಇಂಗ್ಲಿಷ್ ಪುಸ್ತಕ ಓದಿ, ಹಿಂದಿನ ದಿನ ಮನೆಯಲ್ಲಿ ಕನ್ನಡ ಮಾಡಿಟ್ಟುಕೊಂಡು, ಮಾರನೆಯ ದಿನ ನಿಧಾನವಾಗಿ ಹೇಳುತ್ತಿದ್ದೆ. ಮಕ್ಕಳು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು. ಹೆನ್ರಿಯು ದೇಶದ ಸನ್ಯಾಸಿಗಳ ನೆಲೆಗಳನ್ನೆಲ್ಲ ಮುಚ್ಚಿಸಿ ಆಸ್ತಿ ವಶಪಡಿಸಿಕೊಂಡ ಪಾಠ ಬಂತು. ನಾನು "ಮಠಗಳನ್ನು ಮುಚ್ಚಿಸಿದ" ಎಂದು ಬರೆಸಿದೆ. ಬೇರೆ ಯಾವ ಪದವಿದೆ? ಸನ್ಯಾಸಿಗಳಿದ್ದರು, ಜಮೀನಿತ್ತು, ಬಂದವರಿಗೆ ಊಟ ಹಾಕುತ್ತಿದ್ದರು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಮುಚ್ಚಿದ್ ಮೇಲೆ ಅಲ್ಲಿ ಉಣ್ತಿದ್ದೋರು ಏನಾದ್ರು ಮೇಡಂ?" ಎಂದು ಕೇಳಿದ. ಅಷ್ಟು ಒಳ್ಳೆಯ ಪ್ರಶ್ನೆಯನ್ನು ಆ ವರ್ಷ ಮತ್ತೆ ಯಾರೂ ಕೇಳಲಿಲ್ಲ.

ಮೂರು ದಿನಕ್ಕೆ ಪ್ರಿನ್ಸಿಪಾಲರ ಕೋಣೆಯಿಂದ ಕರೆ ಬಂತು. ಒಳಗೆ ಶಲ್ಯ ಹೊದ್ದ ಯಜಮಾನರೊಬ್ಬರು ಕೂತಿದ್ದರು. ಅವರ ಮಗಳು ನನ್ನ ಕ್ಲಾಸಿನಲ್ಲಿದ್ದಳು.

"ಏನವ್ವಾ, ಮಠ ಮುಚ್ಸೋದು ಹೆಂಗೆ ಅಂತ ನಮ್ಮ ಮಕ್ಕಳಿಗೆ ಏಳ್ಕೊಡ್ತಿದ್ದೀರಂತೆ?"

ನಾನು ಇಂಗ್ಲೆಂಡು, ಹೆನ್ರಿ ಎಂದು ತೊದಲಿದೆ. ಅವರು ನನ್ನ ಊರು ಕೇಳಿದರು. ಬಿಳಿಗೆರೆ ಕಡೆ ಎಂದೆ. ಮನೆತನ ಕೇಳಿದರು. ಹೇಳಿದೆ. ಅವರ ಮುಖ ಇನ್ನೂ ಬಿಗಿಯಾಯಿತು. "ನಮ್ಮೋರೇ ಆಗಿ ಇಂಗ್ ಮಾತಾಡ್ಬೋದಾ? ನಿಮ್ಮ ಅಣ್ತಮ್ಮಂದ್ರು ಮಠದ ಅನ್ನ ಉಂಡೇ ಅಲ್ವಾ ಓದಿದ್ದು?"

ಹೌದು, ನನ್ನ ಇಬ್ಬರು ಅಣ್ಣಂದಿರೂ ಮಠದ ಉಚಿತ ಹಾಸ್ಟೆಲಿನಲ್ಲಿ ಓದಿದವರು. ಅದಕ್ಕೇ ಆ ಹುಡುಗನ ಪ್ರಶ್ನೆ ನನಗೆ ಅಷ್ಟು ತಾಕಿದ್ದು. ಇದನ್ನು ಅವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಅವರು ಹೋದ ಮೇಲೆ ಪ್ರಿನ್ಸಿಪಾಲರು, "ಪದ ಬದಲಾಯಿಸಿಬಿಡಿ. ಮೊನಾಸ್ಟರಿ ಅನ್ನಿ. ಯಾರಿಗೂ ಅರ್ಥ ಆಗಲ್ಲ, ಯಾರಿಗೂ ಬೇಜಾರಿಲ್ಲ" ಎಂದರು. ಮಾರನೆಯ ದಿನ ಎಲ್ಲರಿಂದಲೂ "ಮಠ" ಹೊಡೆಸಿ ಹಾಕಿ "ಮೊನಾಸ್ಟರಿ" ಎಂದು ಬರೆಸಿದೆ. ಅಲ್ಲಿಂದ ಮುಂದೆ ಆ ಪಾಠದಲ್ಲಿ ಯಾರೂ ಎದ್ದು ಏನನ್ನೂ ಕೇಳಲಿಲ್ಲ. ಪ್ರಿನ್ಸಿಪಾಲರು ಹೇಳಿದ್ದು ನಿಜವಾಗಿತ್ತು.

ಅದಾದ ಮೇಲೆ ಎಷ್ಟೋ ವರ್ಷ ಜಾಗ್ರತೆಯಿಂದಲೇ ಇದ್ದೆ. ಜಾಗ್ರತೆ ಅನ್ನುವುದು ಕೈಬರಹದಂತೆ, ಒಮ್ಮೆ ಕೂತರೆ ಹೋಗುವುದಿಲ್ಲ.

ನನಗೆ ಬುದ್ಧಿ ಹೇಳಿದ ಮೇಲಧಿಕಾರಿ ಒಬ್ಬರೇ. ಉತ್ತರ ಪತ್ರಿಕೆ ತಿದ್ದುವ ಕ್ಯಾಂಪಿನ ಮುಖ್ಯ ಪರೀಕ್ಷಕರು, ದಪ್ಪ ಕನ್ನಡಕದ, ಮಾತು ಕಡಿಮೆಯ ಮನುಷ್ಯ. ಆ ಕ್ಯಾಂಪುಗಳಲ್ಲಿ ದಿನವಿಡೀ ಒಂದೇ ಗೈಡಿನ ಒಂದೇ ವಾಕ್ಯಗಳನ್ನು ಓದಬೇಕು. ಎಲ್ಲರಿಗೂ ಹೆನ್ರಿಯ ಆರು ಹೆಂಡಿರ ಹೆಸರು ಗೊತ್ತು, ಅದರಾಚೆ ಏನೂ ಗೊತ್ತಿಲ್ಲ. ಒಂದು ಪತ್ರಿಕೆಯಲ್ಲಿ ಒಬ್ಬ, "ಎನ್ರಿ ದೊರೆಗ ಗಂಡು ಮಗ ಬೇಕಿತ್ತು. ಎಂಡ್ರ ಬುಡಕ್ಕ ಪೋಪ ಒಪ್ನಿಲ್ಲ. ಅದ್ಕ ನಾನೇ ಪೋಪ ಅಂದ" ಎಂದು ಬರೆದಿದ್ದ. ಭಾಷೆ ಸರಿಯಿಲ್ಲವೆಂದು ನಾನು ಫೇಲು ಮಾಡಿದೆ. ಮುಖ್ಯ ಪರೀಕ್ಷಕರು ಆ ಪತ್ರಿಕೆಯನ್ನು ವಾಪಸು ತಂದು ನನ್ನ ಮುಂದಿಟ್ಟರು.

"ಇನ್ನೂರು ಪತ್ರಿಕೆಯಲ್ಲಿ ಇವನೊಬ್ಬನಿಗೆ ಅರ್ಥ ಆಗಿದೆ. ಇನ್ನೊಂದು ಸಲ ಓದಿ."

ಓದಿದೆ. ನಾಚಿಕೆಯಾಯಿತು. ಇನ್ನು ನೋಟ್ಸ್ ಬರೆಸಬಾರದು, ಕಥೆ ಹೇಳಬೇಕು ಎಂದು ಅಂದುಕೊಂಡೆ. ಆದರೆ ಅದಕ್ಕೆ ಧೈರ್ಯ ಬಂದದ್ದು ನಂಜನಗೂಡಿಗೆ ಹೋದ ಮೇಲೆಯೇ.

ನಂಜನಗೂಡಿನಲ್ಲಿ ನಾನು ಅರಸರನ್ನು ಬಿಟ್ಟು ಒಂದು ಹಳ್ಳಿಯ ಚರ್ಚಿನ ಗೋಡೆಯಿಂದ ಪಾಠ ಶುರುಮಾಡತೊಡಗಿದೆ. ಆ ಗೋಡೆಯ ತುಂಬ ಸಂತರ ಚಿತ್ರಗಳಿದ್ದವು. ಹೆನ್ರಿಯ ಮಗ ಪಟ್ಟಕ್ಕೆ ಬಂದ, ಚಿತ್ರ ಕೂಡದು ಎಂದು ಆಜ್ಞೆಯಾಯಿತು, ಸುಣ್ಣ ಬಳಿದರು, ಬಲಿಪೀಠ ಒಡೆದರು. ಅವನು ಸತ್ತು ಅಕ್ಕ ಮೇರಿ ಬಂದಳು. ಹಳೆಯ ಧರ್ಮವೇ ನಿಜವೆಂದಳು. ಬಲಿಪೀಠ ಮತ್ತೆ ಕಟ್ಟಿದರು, ಒಪ್ಪದವರನ್ನು ಸುಟ್ಟರು. ಅವಳು ಸತ್ತು ತಂಗಿ ಎಲಿಜಬೆತ್ ಬಂದಳು. ಕಟ್ಟಿದ್ದನ್ನು ಮತ್ತೆ ಒಡೆದರು, ಚರ್ಚಿಗೆ ಬಾರದವರಿಗೆ ದಂಡ ಹಾಕಿದರು. ಇಷ್ಟೂ ಒಬ್ಬ ರೈತನ ಒಂದೇ ಆಯುಸ್ಸಿನಲ್ಲಿ. ಅವನು ಏನು ಮಾಡಿದ? ಮಕ್ಕಳು ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ಕೊನೆಗೆ ನಾನು ಹೇಳುತ್ತಿದ್ದೆ: "ಬಹಳ ಜನ ತಲೆ ಬಗ್ಗಿಸಿದರು. ಕೇಳಿದ್ದಕ್ಕೆ ಹೂಂ ಅಂದರು. ಮನೆಗೆ ಹೋಗಿ ತಮಗೆ ಬೇಕಾದ ದೇವರಿಗೆ ಕೈಮುಗಿದರು. ಹಾಗೆ ಬದುಕಿಕೊಂಡರು. ಅದನ್ನು ಹೇಡಿತನ ಅನ್ನಬೇಡಿ." ಈ ಮಾತು ಹೇಳುವಾಗ ನನಗೆ ಒಂದು ಬಗೆಯ ಸಮಾಧಾನವಾಗುತ್ತಿತ್ತು.

ಸುಜಾತ ಆ ಕ್ಲಾಸಿಗೆ ಬಂದ ಹುಡುಗಿ. ಚಿಕ್ಕಯ್ಯನಛತ್ರ ಹೋಬಳಿಯ ಒಂದು ಹಳ್ಳಿಯವಳು. ಅಪ್ಪ ಪುಟ್ಟಮಾದು ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಲಾರಿಗೆ ಮೂಟೆ ಹೊರುತ್ತಿದ್ದರು. ಅವ್ವ ಚಿಕ್ಕತಾಯಮ್ಮ ಕೂಲಿ. ಸುಜಾತ ಹೈಸ್ಕೂಲಿನಲ್ಲಿದ್ದಾಗ ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡು, ಮನೆಯ ದೇವರ ಪಟಗಳನ್ನು ಹೊಳೆಗೆ ಬಿಟ್ಟು, ಬುದ್ಧನ ಚಿತ್ರವನ್ನೂ ನೀಲಿ ಕೋಟಿನ ಫೋಟೊವನ್ನೂ ಗೋಡೆಗೆ ಹಾಕಿದ್ದರು. ಅದೇ ಬೀದಿಯ ಅವರ ಅಣ್ಣ ಸಿದ್ದಯ್ಯ ಮತ್ತು ಬೇರೆ ನೆಂಟರಿಗೆ ಅದು ಹಿಡಿಸಿರಲಿಲ್ಲ. "ಕುಲದೇವ್ರ ಬುಟ್ಟವ್ನು" ಎಂದು ಮದುವೆ ಮನೆಗಳಲ್ಲಿ ಅವರನ್ನು ಎಲೆ ಮುಂದೆ ಕೂರಿಸಿ ಆಡಿಕೊಳ್ಳುತ್ತಿದ್ದರಂತೆ. ಇದನ್ನೆಲ್ಲ ಸುಜಾತಳೇ ಬಿಡುವಿನಲ್ಲಿ ಹೇಳಿದ್ದು.

ಗೋಡೆಯ ಪಾಠ ಮುಗಿದ ದಿನ ಅವಳು ಎದ್ದು ನಿಂತಳು.

"ಮೇಡಂ, ಹೂಂ ಅಂದ್ಕೊಂಡು ಬದುಕಿದೋರೂ ಸತ್ತೋದ್ರು, ಇಲ್ಲ ಅಂದೋರೂ ಸತ್ತೋದ್ರು. ಹೂಂ ಅಂದೋರ ಮಕ್ಕಳಿಗೆ ಅವರಪ್ಪ ಯಾವ ದೇವ್ರನ್ನ ನಂಬಿದ್ದ ಅಂತ ಗೊತ್ತಾಯ್ತಾ?"

ನಾನು, "ಒಳ್ಳೆ ಪ್ರಶ್ನೆ, ಕೂತ್ಕೊ" ಎಂದೆ.

ಎರಡನೆಯ ವರ್ಷಕ್ಕೆ ಅವಳು ಪರಿಶಿಷ್ಟ ಜಾತಿಯ ಹುಡುಗಿಯರ ಸರ್ಕಾರಿ ಹಾಸ್ಟೆಲಿಗೆ ಅರ್ಜಿ ಹಾಕಿದಳು. ಅವಳ ಹಳ್ಳಿಗೆ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಅದೂ ಬಂದರೆ ಬಂತು. ಮೊದಲ ಪೀರಿಯಡ್ಡು ವಾರಕ್ಕೆ ಎರಡು ಸಲ ತಪ್ಪುತ್ತಿತ್ತು. ಕಾಲೇಜಿನಲ್ಲಿ ಅರ್ಜಿ ಪರಿಶೀಲಿಸಿ ಕಳಿಸುವ ಕೆಲಸ ಆ ವರ್ಷ ನನಗೆ ಬಿದ್ದಿತ್ತು. ಕಳಿಸಲು ಕಡೆಯ ದಿನ. ಗುಮಾಸ್ತ ಕುಮಾರ್ ಅವಳ ಅರ್ಜಿ ಹಿಡಿದುಕೊಂಡು ಬಂದ.

"ಮೇಡಂ, ಇದು ತಕರಾರಾಗುತ್ತೆ. ಶಾಲೆ ಟಿ.ಸಿ.ಯಲ್ಲಿ ಹಿಂದೂ ಅಂತಿದೆ, ಇವಳು ಧರ್ಮ ಬೌದ್ಧ ಅಂತ ಬರೆದಿದ್ದಾಳೆ. ಎರಡೂ ತಾಳೆ ಆಗಲ್ಲ. ಇಲಾಖೆಯಲ್ಲಿ ಪಕ್ಕಕ್ಕಿಡ್ತಾರೆ."

"ಅವಳನ್ನ ಕರೆಸಿ."

"ಬಸ್ಸಿಗೆ ಹೋಗಾಯ್ತು."

ಮೇಜಿನ ಮೇಲೆ ಇನ್ನೂ ನಲವತ್ತು ಅರ್ಜಿಗಳಿದ್ದವು. ಹೊರಗೆ ಜವಾನ ಕವರಿಗೆ ಅಂಟು ಹಚ್ಚುತ್ತಿದ್ದ. ನಾನು ಪೆನ್ನು ತೆಗೆದು "ಬೌದ್ಧ" ಎಂಬುದರ ಮೇಲೆ ಒಂದು ಗೆರೆ ಎಳೆದೆ. ಪಕ್ಕದಲ್ಲಿ "ಹಿಂದೂ" ಎಂದು ಬರೆದೆ. ತಿದ್ದಿದವರು ಸಹಿ ಹಾಕಬೇಕು, ಹಾಕಲಿಲ್ಲ. ಒಂದು ನಿಮಿಷವೂ ಹಿಡಿಯಲಿಲ್ಲ. ಪುಣ್ಯದ ಕೆಲಸ ಮಾಡಿದೆ ಎಂದೇ ಅಂದುಕೊಂಡೆ. ಮಾರನೆಯ ದಿನ ಅವಳಿಗೆ ಹೇಳಬೇಕೆಂದುಕೊಂಡಿದ್ದೆ, ಮರೆತೆ. ನನ್ನ ಧರ್ಮವನ್ನು ಯಾವ ಕಚೇರಿಯಲ್ಲೂ ಯಾರೂ ಎರಡನೆಯ ಸಲ ಕೇಳಿರಲಿಲ್ಲ. ಆ ಒಂದು ಪದ ಬೇರೊಬ್ಬರಿಗೆ ಎಷ್ಟು ತೂಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಎಷ್ಟೋ ಕಾಲದ ಮೇಲೆ ನಿಯಮದ ಪುಸ್ತಕ ತರಿಸಿ ಓದಿದೆ. ಬೌದ್ಧ ಎಂದು ಬರೆದಿದ್ದರೂ ಅವಳಿಗೆ ಆ ಸೀಟಿಗೆ ಹಕ್ಕಿತ್ತು. ನಾನಾಗಲಿ ಕುಮಾರ್ ಆಗಲಿ ಅವತ್ತು ಅದನ್ನು ತೆಗೆದು ನೋಡಿರಲಿಲ್ಲ.

ಸೀಟು ಸಿಕ್ಕಿತು. ಸುಜಾತ ಟ್ರಂಕು ತಂದು ಹಾಸ್ಟೆಲು ಸೇರಿದಳು. ಒಂದೂವರೆ ತಿಂಗಳಾದ ಮೇಲೆ ಹಾಸ್ಟೆಲಿನ ನೋಟಿಸ್ ಬೋರ್ಡಿಗೆ ಪಟ್ಟಿ ಹಚ್ಚಿದರು: ಹೆಸರು, ಊರು, ಧರ್ಮ, ಜಾತಿ. ಅಲ್ಲಿ ಅಡುಗೆಗೆ ಬರುತ್ತಿದ್ದ ಹೆಂಗಸು ಅವಳ ಬೀದಿಯವಳೇ. ಸುದ್ದಿ ಅವತ್ತೇ ಹಳ್ಳಿ ಮುಟ್ಟಿತು. ಸಿದ್ದಯ್ಯ ತಮ್ಮನ ಮನೆ ಮುಂದೆ ನಿಂತು, "ಬೀದೀಲಿ ಬುದ್ಧ, ಸರ್ಕಾರದ ಮುಂದ ಇಂದೂ, ಚೆನ್ನಾಗದ ಕನಪ್ಪ ನಿನ್ ದೀಕ್ಷೆ" ಎಂದು ನಾಲ್ಕು ಜನ ಕೇಳುವಂತೆ ಹೇಳಿದನಂತೆ.

ಸೋಮವಾರ ಪುಟ್ಟಮಾದು ಕಾಲೇಜಿಗೆ ಬಂದರು. ಪ್ರಿನ್ಸಿಪಾಲರು ಕಾಲೇಜಿನಲ್ಲಿ ಇಟ್ಟುಕೊಂಡ ಅರ್ಜಿ ನಕಲುಗಳ ಫೈಲಿನ ಜೊತೆ ನನ್ನನ್ನು ಕರೆಸಿದರು. ಪುಟ್ಟಮಾದು ನಿಂತಿದ್ದರು: ಒಗೆದ ಬಿಳಿ ಶರ್ಟು, ಕಾಲರಿನ ಒಳಗೆ ಮಡಚಿದ ಕರ್ಚೀಫು. ಭುಜ ಒಂದು ಕಡೆಗೆ ವಾಲಿತ್ತು, ಮೂಟೆ ಹೊತ್ತವರದು ಹಾಗೇ. ಕೂರಿ ಎಂದರೂ ಕೂರಲಿಲ್ಲ.

"ಸಾ, ನನ್ ಮಗ್ಳು ಇಂದೂ ಅಂತ ಬರ್ದವ್ಳಂತ. ಕೇಳುದ್ರ, ನಾ ಬರ್ದಿಲ್ಲ ಕನಪ್ಪ ಅಂತಾಳ. ಅದ ಒಂದ್ಸಲ ನೋಡ್ಕಂಡೋಗವ ಅಂತ ಬಂದಿ."

ಪ್ರಿನ್ಸಿಪಾಲರು ಫೈಲು ತಿರುಗಿಸಿ ತೋರಿಸಿದರು. "ಇಲ್ಲಿ ನೋಡಿ. ಮೊದಲು ಬೌದ್ಧ ಅಂತ ಬರೆದು ಆಮೇಲೆ ಹೊಡೆದುಹಾಕಿದ್ದಾರೆ. ಕೆಳಗೆ ನಿಮ್ಮ ಮಗಳ ಸಹಿ ಇದೆ."

ಪುಟ್ಟಮಾದು ಬಗ್ಗಿ, ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದರು. ಬಹಳ ಹೊತ್ತು ಹಿಡಿಯಿತು. ಆಮೇಲೆ ನನ್ನ ಕಡೆ ತಿರುಗಿದರು. "ಮೇಡಮ್ಮೋರೆ, ನಿಮ್ ಬಗ್ಗೆ ನನ್ ಮಗ್ಳು ಮನೇಲಿ ಬೋ ಏಳ್ತಾಳ. ಇದ ಅವ್ಳೇ ಬರ್ದಳಾ?"

ಪ್ರಿನ್ಸಿಪಾಲರು ನನ್ನನ್ನು ನೋಡಿದರು. ಅವರಿಗೆ ಅನುಮಾನ ಬಂದಿತ್ತು ಎಂದು ಈಗ ಅನ್ನಿಸುತ್ತದೆ, ಏಕೆಂದರೆ ನನ್ನ ಕೈಬರಹ ಅವರಿಗೆ ಗೊತ್ತು. ಅವರೇ ಉತ್ತರ ಕೊಟ್ಟರು: "ಅರ್ಜಿ ಅವರವರೇ ತುಂಬೋದು ಕಣ್ರೀ. ನಾವು ಸುಮ್ಮನೆ ಕಳಿಸ್ತೀವಿ."

ಅರ್ಜಿ ತಿದ್ದಿದ್ದು ತಪ್ಪು, ಸಹಿ ಹಾಕದೆ ತಿದ್ದಿದ್ದು ದೊಡ್ಡ ತಪ್ಪು. ವಿಚಾರಣೆಯಾಗುತ್ತದೆ. ಅವಳ ಸೀಟೂ ಹೋಗಬಹುದು. ಇದೆಲ್ಲ ನನ್ನ ತಲೆಯಲ್ಲಿ ಓಡಿತು. ಅವಳ ಸೀಟಿನ ಯೋಚನೆ ಮೊದಲು ಬಂತು ಎಂದು ಬರೆದರೆ ನನಗೇ ಚೆನ್ನ. ಆದರೆ ಮೊದಲು ಬಂದದ್ದು ನನ್ನ ಹೆಸರಿಗೆ ಬರುವ ನೋಟಿಸು. ನಾನು ಫೈಲಿನ ದಾರ ನೋಡುತ್ತಾ ಕೂತೆ. ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.

"ಸರಿ ಬುಡಿ" ಎಂದರು ಪುಟ್ಟಮಾದು. ಇಬ್ಬರಿಗೂ ಕೈಮುಗಿದು ಹೊರಟುಹೋದರು.

ಎರಡು ವಾರ ಕಳೆದು ಸುಜಾತ ಸ್ಟಾಫ್ ರೂಮಿಗೆ ಬಂದಳು. ಊಟದ ಬಿಡುವು, ಬೇರೆ ಯಾರೂ ಇರಲಿಲ್ಲ. ಮುಖ ಇಳಿದುಹೋಗಿತ್ತು.

"ಮೇಡಂ, ಆ ಅಕ್ಷರ ನಿಮ್ದು. ನಮ್ಮ ಟೆಸ್ಟ್ ಪೇಪರಲ್ಲಿ ನೋಡ್ತಿರ್ತೀನಲ್ಲ, ನನಗೆ ಗೊತ್ತು. ಆಫೀಸಲ್ಲಿ ಕೇಳ್ಕೊಂಡು ನೋಡಿದೆ."

"ನಿನ್ನ ಒಳ್ಳೇದಕ್ಕೆ ಮಾಡಿದೆ ಕಣಮ್ಮ. ಸೀಟು ಹೋಗ್ತಿತ್ತು."

"ಗೊತ್ತು ಮೇಡಂ. ನಾನು ಅಪ್ಪನಿಗೆ ಏಳ್ದೆ, ಮೇಡಂ ತಿದ್ದಿರೋದು, ನಾನಲ್ಲ ಅಂತ. ಅಪ್ಪ ನಂಬಲಿಲ್ಲ. 'ಮೇಡಮ್ಮೋರು ನನ್ ಎದುರ್ಗೇ ಕೂತಿದ್ರು. ಅವ್ರ್ ಬರ್ದಿದ್ರ ಏಳ್ತಿದ್ರು. ಪಾಠ ಏಳೋರು ಸುಳ್ಳಾಡಲ್ಲ. ತಪ್ಪು ಮಾಡಿದ್ದಲ್ದೆ ಮೇಷ್ಟ್ರ ಮೇಲೆ ಆಕ್ತೀಯಾ' ಅಂದ." ಅವಳ ದನಿ ಒಡೆಯಿತು. "ನನ್ ಜೊತೆ ಮಾತು ಬಿಟ್ಟವ್ನೆ ಮೇಡಂ. ಶನಿವಾರ ಊರ್ಗೋದ್ರೆ, ನಾನು ಒಳಗೆ ಉಣ್ಣಕ್ಕೆ ಕೂತ್ರೆ ತಟ್ಟೆ ತಕ್ಕಂಡು ಜಗಲಿಗೋಗ್ತಾನೆ. ನೀವು ಒಂದ್ಸಲ ಬಂದು ಏಳಿ. ಆಫೀಸಲ್ಲಿ ಏಳ್ಬೇಡಿ. ಅಪ್ಪನಿಗೆ ಮಾತ್ರ ಏಳಿ, ಸಾಕು."

ನಾನು ಅವಳ ಕೈ ಹಿಡಿದು, "ಈ ಭಾನುವಾರ ಬರ್ತೀನಿ" ಎಂದೆ.

ಆ ಭಾನುವಾರ ಮನೆಗೆ ನೆಂಟರು ಬಂದರು. ಮುಂದಿನ ಭಾನುವಾರ ಕಾಲೇಜಿನ ಮೌಲ್ಯಮಾಪನಕ್ಕೆ ತಂಡ ಬರುವುದಿತ್ತು, ಕಡತ ಜೋಡಿಸಲು ಎಲ್ಲರನ್ನೂ ಕರೆದಿದ್ದರು. ಅದರ ಮುಂದಿನ ಭಾನುವಾರ ಯಾವ ಅಡ್ಡಿಯೂ ಇರಲಿಲ್ಲ. ಸೀರೆಯುಟ್ಟು ಬಾಗಿಲವರೆಗೆ ಹೋಗಿ, ಅವರ ಮುಂದೆ ಹೇಗೆ ಮಾತು ಶುರುಮಾಡುವುದು ಎಂದು ಹೊಳೆಯದೆ ವಾಪಸು ಬಂದು ಕೂತೆ. ಕ್ಲಾಸಿನಲ್ಲಿ ಸುಜಾತ ನನ್ನ ಕಣ್ಣನ್ನೇ ನೋಡುತ್ತಿದ್ದಳು. ಕೇಳಲಿಲ್ಲ. ನಾನು ಹಲಗೆಯ ಕಡೆ ತಿರುಗಿ ಬರೆಯುವುದು ಜಾಸ್ತಿಯಾಯಿತು.

ಗುರುವಾರ ಬೆಳಿಗ್ಗೆ ಎರಡನೆಯ ಪೀರಿಯಡ್ಡಿನ ನಡುವೆ ಜವಾನ ಬಂದು ಅವಳನ್ನು ಹೊರಗೆ ಕರೆದ. ಗೋದಾಮಿನಲ್ಲಿ ಲಾರಿಯ ಪಕ್ಕ ಅವರಪ್ಪ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲವಂತೆ. ಅವಳು ಪುಸ್ತಕ ಬೆಂಚಿನ ಮೇಲೇ ಬಿಟ್ಟು ಓಡಿದಳು.

ಮಧ್ಯಾಹ್ನ ನಾನೂ ಹೊರಟೆ. ಪ್ರಿನ್ಸಿಪಾಲರು, "ನೀವು ಹೋಗೋದು ಬೇಡ, ಅಲ್ಲಿ ಏನೋ ಗಲಾಟೆಯಂತೆ" ಎಂದರು. ಆಟೋ ಮಾಡಿಕೊಂಡು ಹೋದೆ. ಮನೆಯ ಮುಂದೆ ಚಪ್ಪರದ ಕೆಳಗೆ ಪುಟ್ಟಮಾದುವನ್ನು ಕೂರಿಸಿದ್ದರು. ಅದೇ ಬಿಳಿ ಶರ್ಟು. ಗಲಾಟೆಯೆಂದರೆ ಮಣ್ಣು ಮಾಡುವುದು ಹೇಗೆ ಎಂಬುದು. ಚಿಕ್ಕತಾಯಮ್ಮನೂ ಸುಜಾತಳೂ ಮೈಸೂರಿನಿಂದ ಬೌದ್ಧ ಸನ್ಯಾಸಿ ಭಂತೇಜಿಯನ್ನು ಕರೆಸಿದ್ದರು. ಬಿಳಿ ಬಟ್ಟೆ, ಮೇಣದ ಬತ್ತಿ, ಅಷ್ಟೇ ಸಾಕು ಎಂದು ಪುಟ್ಟಮಾದುವೇ ಬದುಕಿದ್ದಾಗ ಹೇಳಿದ್ದರಂತೆ. ಸಿದ್ದಯ್ಯ ಜಾಗಟೆಯವರನ್ನು ಕರೆತಂದು, ಹಣೆಗೆ ವಿಭೂತಿ ಬಳಿಯಲು ಬಟ್ಟಲು ಹಿಡಿದು ನಿಂತಿದ್ದ.

"ನಮ್ಮಪ್ಪನ ಪಕ್ಕದಲ್ಲೇ ಮಣ್ಣು ಮಾಡದು, ನಮ್ಮಪ್ಪಂಗ ಮಾಡ್ದಂಗೇ ಮಾಡದು. ಬೌದ್ಧ ಗಿದ್ದ ಎಲ್ಲಾ ಅವ್ನ ಬಾಯ್ ಮಾತು. ಕಾಗದದಲ್ಲಿ ಏನದ? ಅವ್ನ ಮಗ್ಳೇ ಇಂದೂ ಅಂತ ಬರ್ದವ್ಳ. ಕೇಳ್ರಿ ಅವ್ಳ!"

ನ್ಯಾಯ ಹೇಳಲು ಬಂದಿದ್ದ ಬೀದಿಯ ಯಜಮಾನರು ಸುಜಾತಳ ಕಡೆ ತಿರುಗಿದರು. ಅವಳು ಅಪ್ಪನ ಕಾಲ ಹತ್ತಿರ ಕೂತಿದ್ದಳು. ತಲೆ ಎತ್ತಲಿಲ್ಲ. ತಾನು ಏನು ಹೇಳಿದರೂ ನಂಬುವವರಿಲ್ಲ ಎಂದು ಅವಳಿಗೆ ತಿಳಿದುಹೋಗಿತ್ತು.

"ಬರೆದದ್ದು ನಾನು" ಎಂದೆ.

ಪಕ್ಕದ ಹೆಂಗಸಿಗೆ ಮಾತ್ರ ಕೇಳಿಸಿತು. ಅವಳು, "ಏನಂತಾವ್ರ ಮೇಡಂ, ಕೇಳ್ರಪ್ಪ" ಎಂದು ಕೂಗಿದಳು. ಜನ ದಾರಿ ಬಿಟ್ಟರು. ನಾನು ಎರಡನೆಯ ಸಲ ಹೇಳಬೇಕಾಯಿತು. ನಾನು ಅವಳ ಮೇಡಂ. ಅವಳು ಬೌದ್ಧ ಅಂತಲೇ ಬರೆದಿದ್ದಳು. ಅದನ್ನು ಹೊಡೆದುಹಾಕಿ ಹಿಂದೂ ಅಂತ ಬರೆದವಳು ನಾನು. ಅವಳಿಗೆ ಹೇಳದೆ ಬರೆದೆ. ಅವರಪ್ಪ ಕೇಳಲು ಬಂದಾಗ ಬಾಯಿಬಿಡಲಿಲ್ಲ.

ಸಿದ್ದಯ್ಯ ಬಟ್ಟಲನ್ನು ಜಗಲಿಯ ಮೇಲಿಟ್ಟ. ನನ್ನ ಮೇಲೆ ರೇಗುತ್ತಾನೆ ಎಂದುಕೊಂಡಿದ್ದೆ. ಅವನು ತಮ್ಮನ ಮುಖ ನೋಡಿ, "ನಾನೂ ಬೀದೀಲಿ ನಿಂತು ಅಂದ್ಬುಟ್ಟನಲ್ಲಪ್ಪ" ಎಂದು ಕುಸಿದು ಕೂತ. ಯಜಮಾನರು ಭಂತೇಜಿಯವರಿಗೆ ಮುಂದೆ ಬರಲು ಹೇಳಿದರು. ಜಾಗಟೆಯವರು ಪಕ್ಕಕ್ಕೆ ಸರಿದು ನಿಂತರು. ಬಿಳಿ ಬಟ್ಟೆ ಹೊದಿಸಿ, ಪುಟ್ಟಮಾದುವಿನ ಮಾತಿನಂತೆಯೇ ಮಣ್ಣು ಮಾಡಿದರು.

ಎಲ್ಲ ಮುಗಿದ ಮೇಲೆ ನಾನು ಚಿಕ್ಕತಾಯಮ್ಮನ ಹತ್ತಿರ ಹೋಗಿ ಕೈ ಹಿಡಿದುಕೊಂಡೆ. ಕ್ಷಮಿಸಿ ಎಂದು ಹೇಳಲು ಹೋದೆ. ಆಕೆ ಬೈಯಲಿಲ್ಲ.

"ಈಗ ಎಲ್ರಿಗೂ ಕೇಳಿಸ್ತು ಕನವ್ವ" ಎಂದರು. "ಅವ್ರೊಬ್ರಿಗ ಕೇಳಿಸ್ನಿಲ್ಲ. ಮಗ್ಳು ಸುಳ್ಳುಗಾತಿ ಅಂದ್ಕಂಡೇ ಒಂಟೋದ್ರು."

ಮಾರನೆಯ ದಿನ ಪ್ರಿನ್ಸಿಪಾಲರಿಗೆ ಎಲ್ಲವನ್ನೂ ಬರೆದು ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, "ಇದನ್ನ ವಾಪಸ್ ತಗೊಳ್ಳಿ. ಈಗ ಯಾರಿಗೆ ಏನು ಉಪಯೋಗ?" ಎಂದರು. ತೆಗೆದುಕೊಳ್ಳಲಿಲ್ಲ. ಕಾಗದ ಮೇಲಿನ ಕಚೇರಿಗೆ ಹೋಯಿತು. ಏಳೆಂಟು ತಿಂಗಳ ಮೇಲೆ, ಇನ್ನು ಮುಂದೆ ಎಚ್ಚರಿಕೆಯಿಂದ ಇರತಕ್ಕದ್ದು ಎಂದು ಒಂದು ಸಾಲಿನ ಪತ್ರ ಬಂತು. ನಾನು ಯಾವುದಕ್ಕೆ ಅಷ್ಟು ಹೆದರಿದ್ದೆನೋ ಅದು ಇಷ್ಟೇ ಆಗಿತ್ತು. ಸುಜಾತಳ ಅರ್ಜಿಯನ್ನು ಸರಿಪಡಿಸಿದರು, ಸೀಟು ಹೋಗಲಿಲ್ಲ. ಆದರೆ ಅವಳೇ ಹಾಸ್ಟೆಲು ಬಿಟ್ಟಳು. ಅವ್ವ ಒಬ್ಬಳೇ ಎಂದು ಬಸ್ಸಿನಲ್ಲಿ ಓಡಾಡತೊಡಗಿದಳು. ಕ್ಲಾಸಿಗೆ ಬರುತ್ತಿದ್ದಳು, ಬರೆದುಕೊಳ್ಳುತ್ತಿದ್ದಳು, ಒಳ್ಳೆಯ ಅಂಕ ತೆಗೆದಳು. ಉಳಿದ ಒಂದೂವರೆ ವರ್ಷದಲ್ಲಿ ಒಂದು ಸಲವೂ ಎದ್ದು ನಿಂತು ಪ್ರಶ್ನೆ ಕೇಳಲಿಲ್ಲ.

ಗೋಡೆಯ ಪಾಠ ನಾನು ಆಮೇಲೂ ಮಾಡಿದೆ. ತಲೆ ಬಗ್ಗಿಸಿದವರನ್ನು ಹೇಡಿಗಳೆನ್ನಬೇಡಿ ಎಂಬ ಮಾತನ್ನು ಮಾತ್ರ ಬಿಟ್ಟೆ. ಬಗ್ಗಿಸಿದವರಿದ್ದರು, ಬಗ್ಗಿಸದವರಿದ್ದರು, ಬಗ್ಗಿಸಿದವನ ಪಕ್ಕದ ಮನೆಯವನಿಗೆ ಅದರಿಂದ ಏನಾಯಿತು ಅನ್ನುವುದನ್ನೂ ಹುಡುಕಿ ಓದಿ ಎಂದು ಹೇಳುತ್ತಿದ್ದೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನನ್ನದೊಂದೇ ಮಾತು. ಪಾಠ ತಪ್ಪಾದರೆ ಮುಂದಿನ ವರ್ಷ ತಿದ್ದಿಕೊಳ್ಳಬಹುದು. ಮಕ್ಕಳ ಬದಲು ನೀವು ಏನನ್ನೂ ಬರೆಯಬೇಡಿ. ಬರೆದಿದ್ದರೆ, ಕೇಳಿದ ದಿನವೇ ಹೇಳಿ.

ನಿವೃತ್ತಳಾದ ಮೇಲೆ ಒಮ್ಮೆ ಬಿಳಿಗೆರೆಗೆ ಹೋಗಿದ್ದೆ. ತಂಗಿಯ ಮಗಳು ತನ್ನ ಕೂಸನ್ನು ಶಾಲೆಗೆ ಸೇರಿಸಲು ಜಾತಿ ಪ್ರಮಾಣಪತ್ರ ಬೇಕೆಂದಳು. ಜೊತೆಗೆ ನಾಡಕಚೇರಿಗೆ ಹೋದೆ. ಕೌಂಟರಿನ ಗಾಜಿನ ಹಿಂದೆ ಕಂಪ್ಯೂಟರಿನ ಮುಂದೆ ಸುಜಾತ ಕೂತಿದ್ದಳು. ಕೂದಲು ಎಳೆದು ಕಟ್ಟಿದ್ದಳು, ಸ್ವಲ್ಪ ದಪ್ಪಗಾಗಿದ್ದಳು. ನನ್ನನ್ನು ನೋಡಿ, "ನಮಸ್ಕಾರ ಮೇಡಂ" ಎಂದಳು. ಮುಖದಲ್ಲಿ ಕೋಪವಿರಲಿಲ್ಲ, ಬೇರೇನೂ ಇರಲಿಲ್ಲ.

ಮಗುವಿನ ಹೆಸರು ಕೇಳಿದಳು, ಟೈಪ್ ಮಾಡಿ ಓದಿ ಹೇಳಿದಳು. ಅಪ್ಪನ ಹೆಸರು ಕೇಳಿದಳು, ಓದಿ ಹೇಳಿದಳು. "ಧರ್ಮ?" ಎಂದಳು.

ನಾವು ಹಿಂದೂಗಳೋ, ನಮ್ಮದೇ ಬೇರೆ ಧರ್ಮವೋ ಎಂದು ನಮ್ಮ ಕಡೆ ಈಗ ಅದಕ್ಕೂ ಎರಡು ಮಾತು. ತಂಗಿಯ ಮಗಳು ನನ್ನ ಮುಖ ನೋಡಿ, "ಏನಂತ ಬರೆಸೋದು ದೊಡ್ಡಮ್ಮ?" ಎಂದಳು. ಆಮೇಲೆ ಗಾಜಿನ ಕಡೆ ಬಗ್ಗಿ, "ಎಲ್ಲರಿಗೂ ಏನು ಬರೀತೀರೋ ಅದನ್ನೇ ಹಾಕಿಬಿಡಿ ಮೇಡಂ" ಎಂದಳು.

"ನಾನಾಗಿ ಏನೂ ಹಾಕಲ್ಲ" ಎಂದಳು ಸುಜಾತ. "ನೀವು ಹೇಳಿ, ನಾನು ಬರೀತೀನಿ."

ಬೆರಳುಗಳನ್ನು ಕೀಲಿಗಳ ಮೇಲಿಟ್ಟುಕೊಂಡು ಕಾದಳು. ತಂಗಿಯ ಮಗಳು ಯೋಚಿಸಿ ಹೇಳಿದಳು. ಸುಜಾತ ಬರೆದು, ಓದಿ ಹೇಳಿ, ಸರಿಯಾ ಎಂದು ಕೇಳಿ, ರಸೀತಿ ಹೊರಗೆ ಚಾಚಿದಳು. ನಾನು ಗಾಜಿನ ತೂತಿನ ಹತ್ತಿರ ಬಗ್ಗಿ, "ಸುಜಾತ, ನಿನ್ನ ಹತ್ತಿರ ಒಂದು ಮಾತು" ಎಂದೆ.

ಅವಳು ಒಂದು ಕ್ಷಣ ನನ್ನನ್ನು ನೋಡಿದಳು.

"ಹಿಂದೆ ಜನ ನಿಂತಿದ್ದಾರೆ ಮೇಡಂ."

ನಾನು ಪಕ್ಕಕ್ಕೆ ಸರಿದೆ.